ಕನ್ನಡದಲ್ಲಿ ಹೇಳಿದ ಮನೆ

ನಮ್ಮ ಮನೆಯವರ ಹೆಸರು ಶಿವಲಿಂಗಂ. ಅವರು ಬದುಕಿದ್ದಾಗ ಆ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಬರೆದರೆ ತಪ್ಪಿಲ್ಲ ಎಂದುಕೊಂಡಿದ್ದೇನೆ. ಹೋದ ಆಡಿ ತಿಂಗಳಲ್ಲಿ ತೀರಿಕೊಂಡರು.

ಪಲ್ಲಡಂ ದಾಟಿ ಧಾರಾಪುರಂ ಕಡೆ ಹೋಗುವ ರಸ್ತೆಯಲ್ಲಿ ಮೇಟ್ಟುಪುದೂರು ಎಂಬ ನಮ್ಮ ಊರಿದೆ. ಅದರ ಪಟ್ಟಣ ಪಂಚಾಯಿತಿಗೆ ಅವರು ಒಂದು ಸಲ ಅಧ್ಯಕ್ಷರಾಗಿದ್ದರು. ಅವರು ಹೋದ ಮಾರನೆ ದಿನ ತಮಿಳು ಪೇಪರಿನಲ್ಲಿ ಮಾಜಿ ಅಧ್ಯಕ್ಷರ ನಿಧನ ಎಂದು ಫೋಟೋ ಹಾಕಿದರು. ಹುಟ್ಟಿದ್ದು, ಕಚ್ಚಿ ಅಂದರೆ ಪಕ್ಷ ಸೇರಿದ್ದು, ಗೆದ್ದದ್ದು ಎಲ್ಲ ಇತ್ತು. ಮನೆ ವಿಷಯ ಇರಲಿಲ್ಲ. ಮನೆ ವಿಷಯ ಬಿಟ್ಟರೆ ಅವರ ಬಗ್ಗೆ ಹೇಳಲು ಏನಿದೆ? ಅದಕ್ಕೆ ನಾನು ಬರೆಯುತ್ತಿದ್ದೇನೆ.

ನಾವು ದೇವಾಂಗದವರು. ನೇಯುವುದು ಕಸುಬು. ನಾನು ಹುಟ್ಟಿದ್ದು ಕೊಳ್ಳೇಗಾಲದಲ್ಲಿ. ನಾಲ್ಕನೇ ಕ್ಲಾಸಿನ ತನಕ ಕನ್ನಡ ಶಾಲೆಗೆ ಹೋಗಿದ್ದೆ. ಇಲ್ಲಿಗೆ ಮದುವೆಯಾಗಿ ಬಂದಾಗ ಮಲ್ಲಿಗಮ್ಮ ಆಗಿದ್ದವಳು ರೇಷನ್ ಕಾರ್ಡಿನಲ್ಲಿ ಮಲ್ಲಿಗಾ ಆದೆ. ಇವರ ಮನೆಯಲ್ಲೂ ಕನ್ನಡವೇ. ಆದರೆ ಯಾರಿಗೂ ಕನ್ನಡ ಓದಲು ಬರುವುದಿಲ್ಲ. ಹೊಸ್ತಿಲು ದಾಟಿದರೆ ತಮಿಳು. ನಾನು ಮಾತಾಡಿದರೆ ನಮ್ಮತ್ತೆ ನಗುತ್ತಿದ್ದರು. "ರೇಡಿಯೋ ಪೆಟ್ಟಿಗೆ ಮಾತಾಡ್ದಂಗೆ ಮಾತಾಡ್ತಾಳೆ" ಎನ್ನುತ್ತಿದ್ದರು.

ಇವರು ಹಳೇ ಕಾಲದ ಮನುಷ್ಯ. ಅದನ್ನು ಮರೆಮಾಚಿ ಬರೆಯುವುದಿಲ್ಲ. ಬೆಳಗಾಗುವ ಮೊದಲೇ ತಣ್ಣೀರು ಸ್ನಾನ, ಹಣೆತುಂಬ ವಿಭೂತಿ, ಬಿಳೀ ಪಂಚೆ. ಹೊರಗೆ ಒಂದು ಲೋಟ ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಕೊಯಮತ್ತೂರಿಗೆ ಹೋದರೆ ಮೊಸರನ್ನದ ಡಬ್ಬಿ ಜೊತೆಗೆ ಹೋಗುತ್ತಿತ್ತು. ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಹೆಂಗಸರು ವೇದಿಕೆ ಹತ್ತಬಾರದು, ಮೈಕು ಹಿಡಿಯಬಾರದು. ವಿಧವೆಯರು ಶುಭಕಾರ್ಯದಲ್ಲಿ ಮುಂದೆ ಬರಬಾರದು. ಮೆಚ್ಚಿ ಮದುವೆಯಾಗಲು ಹೊರಟ ಒಂದು ಜೋಡಿ ಸಾಕ್ಷಿ ಸಹಿ ಕೇಳಿಕೊಂಡು ಬಂದರೆ, ಊಟ ಹಾಕಿಸಿ, ಸಹಿ ಹಾಕದೆ ಕಳಿಸಿದರು. ನಮ್ಮ ಮಗಳು ನಿತ್ಯಾಳನ್ನು ಹಾಸ್ಟೆಲಿಗೆ ಬಿಡಲಿಲ್ಲ. ಹತ್ತಿರದ ಕಾಲೇಜಿನಲ್ಲೇ ಓದು ಎಂದರು. ಅವಳಿಗೆ ಆ ಕೋಪ ಈಗಲೂ ಇದೆ. ಇರಲಿ.

ಆ ಹಳೇ ಕಾಲದ ಜೊತೆಗೇ ಇನ್ನೊಂದು ಗುಣವೂ ಇತ್ತು. ನಮ್ಮ ಕುಲದೇವತೆ ಚೌಡೇಶ್ವರಿ. ವಿಜಯದಶಮಿಯಲ್ಲಿ ಅಮ್ಮನನ್ನು ಕರೆತರುವಾಗ ಗಂಡಸರು ಮುಂದೆ ನಡೆಯುತ್ತಾ ಎರಡೂ ಕೈಯ ಕತ್ತಿಯಿಂದ ಎದೆಗೆ ಹೊಡೆದುಕೊಳ್ಳುತ್ತಾರೆ. ಇವರು ಮೀಸೆ ಬರುವ ಮೊದಲಿನಿಂದ ಕತ್ತಿ ಹಾಕಿದವರು. ಎದೆಯ ಮೇಲೆ ಗೆರೆಗಳಿದ್ದವು. "ಅಮ್ಮನ ಮುಂದೆ ಎತ್ತಿದ ಕೈ ಇದು. ಬೇರೆ ಕಡೆ ಹೋಗಿ ಸುಳ್ಳಿಗೆ ಎತ್ತಕ್ಕಾಗಲ್ಲ" ಎನ್ನುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇದು ಎಲ್ಲ ಗಂಡಸರೂ ಹೇಳುವ ಮಾತು ಎಂದುಕೊಂಡಿದ್ದೆ.

ಇವರು ಅಧ್ಯಕ್ಷ ಸ್ಥಾನಕ್ಕೆ ನಿಂತದ್ದು 2011ರಲ್ಲಿ. ಅದಕ್ಕೆ ಮೊದಲು ಕಚ್ಚಿಯ ಕಂಬ ನೆಟ್ಟು, ಬಾವುಟ ಕಟ್ಟಿ, ಎರಡು ಸಲ ವಾರ್ಡ್ ಮೆಂಬರ್ ಆಗಿದ್ದರು. ಚುನಾವಣೆಗೆ ಮುಂಚೆ ತರಿ ಬೀದಿಯಲ್ಲಿ ಸಭೆ ಇಟ್ಟರು. ತರಿ ಎಂದರೆ ಮಗ್ಗ. ಆ ಬೀದಿಯವರೆಲ್ಲ ನಮ್ಮವರೇ, ಎಲ್ಲರೂ ಬಾಡಿಗೆ ಮನೆಯವರು. ನಮ್ಮದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿಗೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ತುಳಿಯಬೇಕು. ಮನೆ ಓನರು ಕುಣಿ ತೋಡಲು ಬಿಡುವುದಿಲ್ಲ. ಬಿಟ್ಟರೂ ಖಾಲಿ ಮಾಡುವಾಗ ಮಣ್ಣು ತುಂಬಿ, ಮೆತ್ತಿ, ಸಾರಿಸಿ ಹೋಗಬೇಕು. ಆ ಬೀದಿಯ ಹೆಂಗಸರು ಎಷ್ಟು ಕುಣಿ ಮುಚ್ಚಿದ್ದಾರೋ ಅವರಿಗೇ ಗೊತ್ತಿಲ್ಲ.

ನಾನು ಹಿಂದೆ ಹೆಂಗಸರ ಜೊತೆ ನಿಂತಿದ್ದೆ. ಇವರು ಮೈಕಿನಲ್ಲಿ ತಮಿಳಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ಮೈಕು ಎಂದರೆ ತಮಿಳು, ಅದು ಅಭ್ಯಾಸ. ಆಗ ಮುಂದೆ ಕುಳಿತಿದ್ದ ಪಂಕಜಂ ಅತ್ತೆ ಎದ್ದಳು. ಗಂಡ ಹೋದ ಮೇಲೂ ಮಗ್ಗ ಬಿಡದೆ ನೇಯ್ದು ಮಕ್ಕಳನ್ನು ಸಾಕಿದವಳು. ಊರಿಗೆಲ್ಲ ಅತ್ತೆ. ಬಾಯಿ ದೊಡ್ಡದು.

"ಏನ್ಡಾ ಶಿವಲಿಂಗಂ, ಯಾರ ಹತ್ರ ತಮಿಳ್ ಬಿಡ್ತಾ ಇದೀಯ? ಮಗುವಾಗಿದ್ದಾಗ ನಿಂಗೆ ಗೋಚಿ ಕಟ್ಟಿದೋಳು ನಾನು. ಕೇಳೋದು ಓಟು, ನಮ್ಮ ಮಾತಲ್ಲಿ ಕೇಳಕ್ಕೆ ವೆಕ್ಕವಾ?"

ಎಲ್ಲರೂ ನಕ್ಕರು. ಇವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಮುಖ ಒರೆಸಿಕೊಂಡರು. ಹುಟ್ಟಿದಾಗಿನಿಂದ ಮನೆಯಲ್ಲಿ ಆಡಿದ ಮಾತು ಮೈಕಿನ ಮುಂದೆ ಬರಲಿಲ್ಲ. ತಡವರಿಸಿದರು. ಆಮೇಲೆ ಹೇಳಿದರು.

"ಶೆರಿ ಅತ್ತೆ. ನಮ್ಮ ಮಾತಲ್ಲೇ ಹೇಳ್ತೀನಿ. ನಾ ಗೆದ್ರೆ ತರಿ ಬೀದೀಲಿ ಇರೋ ಎಲ್ಲಾರ್ಗೂ ಮನೆ ಕೊಡ್ತೀನಿ. ಚೌಡಮ್ಮನ ಮೇಲಾಣೆ."



"ಮನೆಯಾ?" ಎಂದಳು ಪಂಕಜಂ ಅತ್ತೆ.

"ಹೂಂ, ಮನೆ."

ಆಮೇಲೆ ಬಿದ್ದ ಸೀಟಿ, ಚಪ್ಪಾಳೆ ನನಗೆ ಇನ್ನೂ ಕಿವಿಯಲ್ಲಿದೆ.

ಸಂಜೆ ಊಟಕ್ಕೆ ಬಡಿಸುವಾಗ ಕೇಳಿದೆ. "ಅಷ್ಟೊಂದು ಮನೆ ಹೇಗೆ ಕಟ್ಟಿಸ್ತೀರಿ?"

"ಕಟ್ಸೋದಾ? ಕಟ್ತೀನಿ ಅಂತ ಯಾರು ಹೇಳ್ದೋರು? ಮನೆ ಕೊಡ್ತೀನಿ ಅಂದೆ. ಪಟ್ಟಾ. ಸರಕಾರದ ಪೊರಂಬೋಕು ಜಾಗ ಇದೆ, ಕೇಳಿ ಈಸ್ಕೊಂಡು ಕೊಡೋದು."

ಆಗ ನನಗೆ ಅರ್ಥವಾಯಿತು. ತಮಿಳಿನಲ್ಲಿ ಮನೈ ಎಂದರೆ ಮನೆ ಕಟ್ಟುವ ಬರೀ ಜಾಗ. ಆ ಜಾಗದ ಹಕ್ಕುಪತ್ರಕ್ಕೆ ಮನೈ ಪಟ್ಟಾ ಎನ್ನುತ್ತಾರೆ. ಕಚ್ಚಿಯವರು ಊರೂರಲ್ಲಿ ಕೊಡುವ ಮಾತು ಅದು. ಇವರು ತಲೆಯಲ್ಲಿ ತಮಿಳು ಇಟ್ಟುಕೊಂಡು ಅದನ್ನೇ ಕನ್ನಡಕ್ಕೆ ತಿರುಗಿಸಿ ಹೇಳಿದ್ದರು. ನನಗೆ ನಗು ಬಂತು.

"ಅದು ಜಾಗ. ನೀವು ಹೇಳಿದ್ದು ಮನೆ. ಗೋಡೆ, ಬಾಗಿಲು, ಒಲೆ ಇರುವುದು" ಎಂದೆ.

"ನಾ ಮನಸಲ್ಲಿ ಇಟ್ಟದ್ದು ಮನೈ."

"ಬಾಯಿಂದ ಬಂದದ್ದು ಮನೆ."

ತುತ್ತು ಕಲಸಿದ ಕೈ ತಟ್ಟೆಯಲ್ಲೇ ನಿಂತಿತು. ನಾನು ನಗು ನಿಲ್ಲಿಸಿದೆ. ಅವರು ಎದ್ದು ಕೈ ತೊಳೆದರು. ಅನ್ನ ಬಿಟ್ಟು ಎದ್ದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಮಾರನೆ ಬೆಳಿಗ್ಗೆ ಭೂಪತಿ ಬಂದ. ಇವರ ಗೆಳೆಯ, ಕಚ್ಚಿಯ ಊರು ಕಾರ್ಯದರ್ಶಿ. ಇವರು ವಿಷಯ ಹೇಳಿದರು. ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ನಕ್ಕ.

"ಇಷ್ಟೇ ತಾನೇ ಅಣ್ಣಾ! ಸಾಯಂಕಾಲ ಮೈಕಲ್ಲಿ ಒಂದ್ ವಾರ್ತೆ ತಮಿಳ್ನಲ್ಲಿ ಹೇಳ್ಬಿಡಿ, ಮನೈ ಪಟ್ಟಾ ಅಂತ. ಮುಗೀತು. ಅವರ್ಗೆಲ್ಲ ತಮಿಳ್ ಗೊತ್ತಿಲ್ವಾ?"

"ಮನಸಲ್ಲಿದ್ದದ್ದು ತಮಿಳು. ಹೇಳಿದ್ದು ಕನ್ನಡ. ಅವರು ಕೇಳಿದ್ದೂ ಕನ್ನಡ. ಈಗ ಹೇಳು ಭೂಪತಿ, ಅಮ್ಮನ ಮೇಲೆ ಆಣೆ ಯಾವುದಕ್ಕೆ ಬಿತ್ತು?"

"ಅಣ್ಣಿ, ನೀವಾದ್ರೂ ಹೇಳಿ" ಎಂದು ಭೂಪತಿ ನನ್ನ ಕಡೆ ತಿರುಗಿದ. ಆ ಮಾತು ಮನೆ ಎಂದು ತೋರಿಸಿಕೊಟ್ಟವಳೇ ನಾನು.

ಗೆದ್ದರು. ಎದುರು ನಿಂತು ಸೋತ ಕರುಪ್ಪುಸಾಮಿ ಟೀ ಅಂಗಡಿಯಲ್ಲಿ ಕೂತು ಇವರಿಗೆ ಮನೆ ಶಿವಲಿಂಗಂ ಎಂದು ಹೆಸರಿಟ್ಟ. ಅದೇ ಹೆಸರು ನಿಂತಿತು. ಬಸ್ಸಿನ ಕಂಡಕ್ಟರು ಕೂಡ ಹಾಗೇ ಕರೆಯುತ್ತಿದ್ದ. ಇವರು ತಿರುಗಿ ನೋಡಿ "ಏನಪ್ಪಾ" ಎನ್ನುತ್ತಿದ್ದರು.

ಜಾಗ ಸಿಗಲು ಬಹಳ ಓಡಾಡಬೇಕಾಯಿತು. ಕೊನೆಗೆ ಊರಾಚೆ ಪಟ್ಟಾ ಬಂತು. ಕಚ್ಚಿಯವರು ಶಾಮಿಯಾನ ಹಾಕಿ, ದೊಡ್ಡವರನ್ನು ಕರೆಸಿ, ಕೊಟ್ಟ ಮಾತು ಉಳಿಸಿಕೊಂಡ ನಾಯಕ ಎಂದು ಬೋರ್ಡು ಕಟ್ಟಿದರು. ಇವರಿಗೆ ಹಾರ ಹಾಕಿದರು. ಇವರು ಎಲ್ಲರ ಮುಂದೆ ಹಾರ ತೆಗೆದು ಮೇಜಿನ ಮೇಲಿಟ್ಟು ಕನ್ನಡದಲ್ಲಿ ಹೇಳಿದರು.

"ಇದು ಜಾಗ. ನಾ ಹೇಳಿದ್ದು ಮನೆ. ಅದು ಇನ್ನೂ ಬಾಕಿ."

ವೇದಿಕೆಯ ದೊಡ್ಡವರಿಗೆ ಭಾಷೆ ಅರ್ಥವಾಗಲಿಲ್ಲ. ಪಕ್ಕದವರು ಅರ್ಥ ಹೇಳಿದ ಮೇಲೆ ಅವರ ಮುಖ ನೋಡಬೇಕಿತ್ತು. "ಮುಗಿದ ಕೆಲ್ಸಾನ ಮುಗೀಲಿಲ್ಲ ಅಂತ ಯಾವ ಅರಸಿಯಲ್‌ವಾದಿ, ಯಾವ ಲೀಡರ್ ಹೇಳ್ತಾನೆ ಅಣ್ಣಾ? ಕೈಗೆ ಬಂದ ಹೆಸರು!" ಎಂದು ಭೂಪತಿ ದಾರಿಯುದ್ದಕ್ಕೂ ಬೈದ. ಅವತ್ತಿನಿಂದ ಕಚ್ಚಿಯಲ್ಲಿ ಇವರನ್ನು ಯಾರೂ ಮುಂದೆ ಕೂರಿಸಲಿಲ್ಲ. ಇವರೂ ಕಚ್ಚಿ ಬಿಡಲಿಲ್ಲ. ಸೇರಿದ ಕಡೆ ಇರಬೇಕು, ಅಷ್ಟೇ.

ಸರಕಾರದವರು ಒಂದು ಸಲ ಮನೆ ಕೊಡಲು ಒಪ್ಪಿದರು. ಅದು ಅಪಾರ್ಟ್‌ಮೆಂಟು, ಒಂದರ ಮೇಲೊಂದು. ಇವರು ಇಂಜಿನಿಯರನ್ನು ಕೇಳಿದರು. "ಮೇಲಿನ ಮಹಡೀಲಿ ಮಗ್ಗದ ಕುಣಿ ತೋಡಿದ್ರೆ ಕೆಳಗಿನೋನ ತಲೆ ಮೇಲೆ ಕಾಲು ಆಡ್ತದಲ್ಲ ಸಾರ್?" ಇಂಜಿನಿಯರು ನಕ್ಕ. ಇವರು ನಗಲಿಲ್ಲ. ನೇಯುವವನಿಗೆ ಮಗ್ಗ ಇಳಿಸಲಾಗದ್ದು ಮನೆಯಲ್ಲ, ಬೇಡ ಎಂದುಬಿಟ್ಟರು.

ತರಿ ಬೀದಿ ಸಿಟ್ಟಿನಿಂದ ಹೊತ್ತಿಕೊಂಡಿತು. ಕೆಲವರು ಅಪಾರ್ಟ್‌ಮೆಂಟೇ ಸಾಕು ಎಂದು ಮಗ್ಗ ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋದರು. ಪಂಕಜಂ ಅತ್ತೆ ನಮ್ಮ ಬಾಗಿಲಿಗೇ ಬಂದಳು.

"ಸಿಗೋದನ್ನ ಬೇಡ ಅಂತೀಯಲ್ಲೋ ಪಾವಿ! ನಾ ಸಾಯೋದ್ರೊಳಗೆ ಮನೆ ನೋಡ್ತೀನಾ?"

"ನೋಡ್ತೀಯ ಅತ್ತೆ."

"ನೀ ಸಾಯೋದ್ರೊಳಗೆ?"

"ಅದು ಗೊತ್ತಿಲ್ಲ" ಎಂದು ನಕ್ಕರು. ಅವಳೂ ನಕ್ಕಳು. ಒಂದು ಲೋಟ ಮಜ್ಜಿಗೆ ಕುಡಿದು, ಮತ್ತೆ ಬೈದುಕೊಂಡೇ ಹೋದಳು.

ಅಧಿಕಾರ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಊರುಗಳಿಗೆ ಚುನಾವಣೆಯೇ ಇಲ್ಲ. ಆಫೀಸರುಗಳೇ ನೋಡಿಕೊಂಡರು. ಇವರಿಗೆ ಕುರ್ಚಿಯಿಲ್ಲ, ಕಚ್ಚಿಯ ಬಲವಿಲ್ಲ. ಆದರೂ ಸೋಮವಾರ ಬಂದರೆ ಮೊಸರನ್ನದ ಡಬ್ಬಿ ಹಿಡಿದು ತಿರುಪ್ಪೂರಿನ ಬಸ್ಸು ಹತ್ತುತ್ತಿದ್ದರು. ಸೋಮವಾರ ಕಲೆಕ್ಟರು ಜನರ ಅರ್ಜಿ ತೆಗೆದುಕೊಳ್ಳುವ ದಿನ. ಒಂದು ಕಾಲದ ಅಧ್ಯಕ್ಷ, ಮುದುಕಿಯರ ಹಿಂದೆ ಬಿಸಿಲಿನಲ್ಲಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಅರ್ಜಿಯಲ್ಲಿ ಮನೈ ಎಂದು ಬರೆಯುತ್ತಿರಲಿಲ್ಲ. ಮನೆಗೆ ತಮಿಳಿನಲ್ಲಿ ವೀಡು. ವೀಡು ಎಂದೇ ಬರೆಯುತ್ತಿದ್ದರು. ಒಂದು ಸಲ ಮೋಸ ಮಾಡಿದ ಪದವನ್ನು ಮತ್ತೆ ಮುಟ್ಟಲಿಲ್ಲ. ಕಲೆಕ್ಟರುಗಳು ಬದಲಾದರು. ಬಾಗಿಲ ಪೊಲೀಸಿನವನಿಗೆ ಬಡ್ತಿ ಬಂದು ಬೇರೆಯವನು ಬಂದ. ಇವರು ಬದಲಾಗಲಿಲ್ಲ.

ಸಂಜೆ ಬಂದು ಚಪ್ಪಲಿ ಬಿಡುವಾಗ ನಾನು ಏನಾಯಿತು ಎಂದು ಕೇಳುತ್ತಿರಲಿಲ್ಲ. ನೀರು ಕೊಡುತ್ತಿದ್ದೆ. ಕಾಲು ನೋಡುತ್ತಿದ್ದೆ. ಕಾಸಿದ ಟಾರಿನಂತೆ ಕಪ್ಪಾಗಿರುತ್ತಿತ್ತು. ಈ ಮನುಷ್ಯ ಯಾವುದರಿಂದ ಮಾಡಿದವನು ಎಂದು ಆಶ್ಚರ್ಯವಾಗುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು.

ಕೊನೆಗೆ ನೇಕಾರರಿಗೆ ನೆಲದ ಮೇಲೆ ಬಿಡಿ ಮನೆ ಕಟ್ಟಿಕೊಡಲು ಒಪ್ಪಿಗೆ ಬಂತು. ಆದರೆ ರಸ್ತೆ, ನೀರು ಕೊಡುತ್ತೇವೆ ಎಂದು ಪಟ್ಟಣ ಪಂಚಾಯಿತಿ ತೀರ್ಮಾನ ಮಾಡಬೇಕಿತ್ತು. ಅಷ್ಟರಲ್ಲಿ 2022ರ ಚುನಾವಣೆ ಬಂತು. ನಮ್ಮ ವಾರ್ಡು ಹೆಂಗಸರಿಗೆ ಎಂದು ಮೀಸಲಾಯಿತು. ಕರುಪ್ಪುಸಾಮಿ ತನ್ನ ಹೆಂಡತಿಯನ್ನು ನಿಲ್ಲಿಸಿದ. ಆ ಮನೆಗಳಿಗೆ ರಸ್ತೆ ಹೇಗೆ ಬರುತ್ತೋ ನೋಡ್ತೀನಿ ಎಂದು ಟೀ ಅಂಗಡಿಯಲ್ಲೇ ಹೇಳಿದ.

ಭೂಪತಿ ಓಡಿಬಂದ. "ಅಣ್ಣಿ ನಿಲ್ಲಲಿ. ಬೇರೆ ವಳಿ ಇಲ್ಲ."

"ನಮ್ಮ ಮನೆ ಹೆಣ್ಣು ಬೀದೀಲಿ ಕೈ ಮುಗ್ದು ಓಟ್ ಕೇಳೋದಾ? ಎದ್ದು ಹೋಗು" ಎಂದರು. ಅಷ್ಟು ವರ್ಷದ ಗೆಳೆಯನಿಗೆ ಹಾಗೆ ಹೇಳಿದರು.

ಆಮೇಲೆ ದೇವರ ಮುಂದೆ ಕೂತರೆ ಕೂತೇ ಇರುವರು. ನಾಮಪತ್ರ ಕೊಡುವ ದಿನ ಮುಗಿಯುತ್ತಾ ಬಂತು. ಒಂದು ಮಧ್ಯಾಹ್ನ ಅಕ್ಕಿ ತೊಳೆಯುತ್ತಿದ್ದೆ. ಹಿಂದೆ ನೆರಳು ಬಿತ್ತು. ತಿರುಗಿದರೆ ಅಡುಗೆಮನೆಯ ಒಳಗೆ ಇವರು ನಿಂತಿದ್ದಾರೆ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ರುಬ್ಬುವ ಕಲ್ಲಿನ ಪಕ್ಕ ನಿಂತಿದ್ದರು.

"ನಿಲ್ಲಕ್ಕಾಗ್ತದಾ ನಿಂಗೆ?" ಎಂದರು.

"ನೀವೇ ಬೇಡ ಅಂದಿರಿ."

"ಬೇಡ ಅನ್ನೋದು ನಂದು. ಮಾತು ಅವರ್ದು. ಕೊಟ್ಟಾಯ್ತಲ್ಲ."

ಕಣ್ಣು ಕೆಂಪಾಗಿತ್ತು. ಅವರು ತಮ್ಮದೇ ಎದೆಗೆ ಕತ್ತಿ ಹಾಕಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ರಕ್ತ ಬರದೆ ಹಾಕಿಕೊಂಡದ್ದನ್ನು ಅವತ್ತು ನೋಡಿದೆ. ಆಗಲಿ ಎಂದೆ.

ತರಿ ಬೀದಿಯಲ್ಲಿ ನನ್ನ ಕೈಗೆ ಮೈಕು ಕೊಟ್ಟರು. ನನ್ನ ರೇಡಿಯೋ ಕನ್ನಡದಲ್ಲೇ ಹೇಳಿದೆ. "ಇವರು ಹೇಳಿದ್ದು ಮನೆ. ಜಾಗ ಅಲ್ಲ. ಅದಕ್ಕೇ ನಿಂತಿದ್ದೇನೆ." ಬೇರೆ ಏನು ಹೇಳಬೇಕೆಂದು ಗೊತ್ತಾಗಲಿಲ್ಲ. ಮೈಕು ವಾಪಸು ಕೊಟ್ಟೆ. ಗೆದ್ದೆ.

ಬೇರೆ ವಾರ್ಡುಗಳಲ್ಲಿ ಹೆಂಡತಿ ಗೆದ್ದರೆ ಗಂಡ ಕುರ್ಚಿಯಲ್ಲಿ ಕೂರುತ್ತಾನೆ. ಇದು ಎಲ್ಲರಿಗೂ ಗೊತ್ತಿರುವುದೇ. ನಾನೂ ಹಾಗೇ ಎಂದುಕೊಂಡಿದ್ದೆ. ಮೊದಲ ಸಭೆಯ ದಿನ ಇವರು ಆಫೀಸಿನ ಗೇಟಿನ ತನಕ ಬಂದು, ಅಂಗಳದ ಹೊಂಗೆ ಮರದ ಕೆಳಗೆ ಕೂತುಬಿಟ್ಟರು. ಆಫೀಸರು ಹೊರಗೆ ಬಂದು ತಮಿಳಿನಲ್ಲಿ ಒಳಗೆ ಕರೆದರು. ಇವರು "ಗೆದ್ದದ್ದು ಅವರು" ಎಂದರು. ನನ್ನನ್ನು ಅವರು ಎಂದರು. ಆಮೇಲೆ ಯಾರು ಏನು ಕೇಳಿ ಬಂದರೂ "ಕೌನ್ಸಿಲರಮ್ಮ ಒಳಗಿದಾರೆ, ಹೋಗಿ ಕೇಳಿ" ಎನ್ನುತ್ತಿದ್ದರು. ಮನೆಗೆ ಬಂದರೆ ಮೊದಲಿನಂತೆಯೇ. ಕೂತಲ್ಲಿಗೆ ನೀರು ಬರಬೇಕು, ಊಟಕ್ಕೆ ನಾನೇ ಬಡಿಸಬೇಕು. ಕೌನ್ಸಿಲರಮ್ಮ ಗೇಟಿನಲ್ಲೇ ಉಳಿಯುತ್ತಿದ್ದಳು. ನನಗೆ ನಗು ಬರುತ್ತಿತ್ತು. ಆದರೆ ಅವರ ಲೆಕ್ಕ ಸರಿಯಾಗಿತ್ತು. ಯಾವುದು ಯಾರದ್ದೋ ಅದು ಅವರದ್ದು. ಅಷ್ಟು ನೆಟ್ಟಗೆ ನಡೆಯುವವರನ್ನು ನಾನು ಬೇರೆ ನೋಡಿಲ್ಲ.

ಸಭೆಯಲ್ಲಿ ಒಬ್ಬರು ಎದ್ದು, ತರಿ ಬೀದಿಯವರಿಗೆ ಆಗಲೇ ಮನೈ ಕೊಟ್ಟಾಗಿದೆ, ಮತ್ತೇಕೆ ಎಂದರು. "ಮನೈ ಕೊಟ್ಟಿದೆ. ಮನೆ ಕೊಟ್ಟಿಲ್ಲ" ಎಂದೆ. ತೀರ್ಮಾನವಾಯಿತು.

ಪಾಯ ತೋಡಿದ ದಿನದಿಂದ ಇವರು ಅಲ್ಲೇ. ಒಳಗೆಲ್ಲ ಸಿಮೆಂಟ್ ಹಾಕುವುದೆಂದು ಪ್ಲಾನ್ ಇತ್ತು. ಮೇಸ್ತ್ರಿಗೆ ಹೇಳಿ ಪ್ರತಿ ಮನೆಯ ಮುಂದಿನ ಕೋಣೆಯಲ್ಲಿ ಕುಣಿಗೆ ಬೇಕಾದಷ್ಟು ನೆಲ ಬರೀ ಮಣ್ಣಾಗಿ ಬಿಡಿಸಿದರು. ತಾವೇ ಅಂಚಿಗೆ ಕೂತು ಕಾಲು ಚಾಚಿ ಅಳತೆ ನೋಡುತ್ತಿದ್ದರು. ಗೋಡೆ ಎದ್ದಿತು, ತಾರಸಿ ಬಿತ್ತು. ಬಾಗಿಲು ಕೂರಿಸುವುದು ಬಾಕಿಯಿರುವಾಗ ಎದೆ ನೋವು ಬಂತು. ಕೊಯಮತ್ತೂರಿನ ಸಿಂಗಾನಲ್ಲೂರಿನ ಹತ್ತಿರ ಒಂದು ಆಸ್ಪತ್ರೆಗೆ ಸೇರಿಸಿದೆವು.

ಮಂಚದ ಮೇಲೆ ಮಲಗಿಕೊಂಡು "ಬಾಗಿಲು ಆಯ್ತಾ?" ಎಂದು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಹೇಳಿದರು. "ಗೃಹಪ್ರವೇಶಕ್ಕೆ ನೀನು ಹೋಗ್ಬೇಕು."

"ಇಬ್ಬರೂ ಹೋಗೋಣ."

"ನಾ ಇಲ್ದಿದ್ರೂ."

ನನಗೆ ಸಿಟ್ಟು ಬಂತು. "ನೀವಿಲ್ಲದಿದ್ದರೆ ನಾನು ಹೇಗೆ ಹೋಗೋದು? ತಾಳಿ ಇಲ್ಲದವರು ಮುಂದೆ ಬರಬಾರದು ಅಂತ ಊರಿಗೆಲ್ಲ ಹೇಳಿದವರು ನೀವೇ."

"ಹೇಳಿದ್ದೆ. ನಮ್ಮ ಮನೆಗೆ ಹೇಳಿದ್ದೆ. ಅದು ಅವರ ಮನೆ. ಯಾರು ಮೊದಲು ಹೋಗ್ಬೇಕು ಅಂತ ಅವರು ಹೇಳ್ತಾರೆ."

ತಪ್ಪಾಯಿತು ಎನ್ನಲಿಲ್ಲ. ಅವರು ಹಾಗೆ ಹೇಳುವವರೂ ಅಲ್ಲ. ಆ ವಾರವೇ ಹೋದರು.

ಆಡಿ ಕಳೆದು ಆವಣಿಯಲ್ಲಿ ಗೃಹಪ್ರವೇಶ ಇಟ್ಟರು. ಕರೆಯಲು ತರಿ ಬೀದಿಯೇ ಬಂದಿತ್ತು. ಹೋದೆ. ಆದರೆ ರಸ್ತೆಯ ಈಚೆ ಬೇವಿನ ಮರದ ಕೆಳಗೆ ನಿಂತುಕೊಂಡೆ. ಹಸಿರು ತೋರಣ, ಹೊಸ ಬಾಗಿಲು, ಸುಣ್ಣದ ವಾಸನೆ. ಸಾಲಾಗಿ ಮನೆಗಳು. ಒಂದು ಮಾತಿನಿಂದ ಎದ್ದ ಮನೆಗಳು. ಅದೂ ತಪ್ಪಿ ಬಂದ ಮಾತು. ಕಾಲು ಮುಂದೆ ಬರಲಿಲ್ಲ.

ಮೊದಲ ಮನೆ ಪಂಕಜಂ ಅತ್ತೆಯದು. ಅವಳು ಕೋಲೂರಿಕೊಂಡು ರಸ್ತೆ ದಾಟಿ ಬಂದಳು.

"ಇಲ್ಲಿ ನಿಂತು ಯಾರ್ಗೆ ಕಾವಲ್ ಕಾಯ್ತಿದೀಯ?"

"ನಾನು ಬರಬಾರದು ಅತ್ತೆ."

"ಓಹೋ. ನಿಂಗೂ ತಾಳಿ ಇಲ್ಲ, ನಂಗೂ ತಾಳಿ ಇಲ್ಲ. ಹಂಗಾದ್ರೆ ನನ್ನ ಮನೆಗೆ ನಾನೇ ಹೋಗಬಾರದಾ? ಬಾ ಅಂದ್ರೆ ಬಾ. ಕಾಲು ನೋವ್ತದೆ ನಂಗೆ."

ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು. ಯಾರೂ ಬೇಡ ಎನ್ನಲಿಲ್ಲ. ಹೊಸ್ತಿಲನ್ನು ಇಬ್ಬರೂ ಒಟ್ಟಿಗೇ ದಾಟಿದೆವು. ಒಳಗೆ ಕುಣಿ ತೋಡಿ ಮಗ್ಗ ಇಳಿಸಿದ್ದರು. ಅವಳು ಅಂಚಿಗೆ ಕೂತು ಕಾಲು ಇಳಿಬಿಟ್ಟಳು. ಕೈಯಲ್ಲಿ ಲಾಳಿ ಹಿಡಿದಳು, ನೇಯಲಿಲ್ಲ. ಅವಳ ಕಣ್ಣಲ್ಲಿ ನೀರು ಸುರಿಯಿತು. ನಾನೂ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಅವರು ಹೋದ ಮೇಲೆ ಅಷ್ಟು ಅತ್ತದ್ದು ಅವತ್ತೇ.

ಸ್ವಲ್ಪ ಹೊತ್ತಾದ ಮೇಲೆ ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಕುಣಿಯೊಳಗೆ ಬಗ್ಗಿ ನೋಡಿದಳು.

"ಮನೆ ಅಂದ, ಮನೆ ಕೊಟ್ಟ. ಆದ್ರೆ ಮುಂದೆ ಮೋರಿ ಇಲ್ಲ. ಮಳೆ ಹುಯ್ದ್ರೆ ನೀರೆಲ್ಲ ನನ್ನ ಕುಣಿಗೇ ಬರ್ತದೆ. ಅವನಿದ್ದಿದ್ರೆ ಸೋಮವಾರ ಡಬ್ಬಿ ಎತ್ಕೊಂಡು ಹೊರಡೋನು."

ಅವರ ಡಬ್ಬಿ ಅಡುಗೆಮನೆಯ ಅಟ್ಟದಲ್ಲಿತ್ತು. ತೊಳೆದು ಕವುಚಿಟ್ಟಿದ್ದೆ.

"ನಾನು ಹೋಗುತ್ತೇನೆ ಅತ್ತೆ" ಎಂದೆ.